ಕಣ್ಣೀರಲ್ಲ, ಕಣ್ಣಿನ ನೀರು

ಕಟ್ಟಣ್ಣನಿಗೆ ಈ ಪ್ರಪಂಚದಲ್ಲಿ ಆಗದೇ ಇದ್ದದ್ದು ಎರಡೇ. ಒಂದು, ಒರೆಸಿಟ್ಟ ಗಾಜಿನ ಮೇಲೆ ಯಾರಾದರೂ ಬೆರಳು ಊರುವುದು. ಇನ್ನೊಂದು, ಅವನ ಬೀಗಿತ್ತಿ. ಬೆರಳಚ್ಚನ್ನಾದರೆ ಬಟ್ಟೆಯಲ್ಲಿ ಒರೆಸಬಹುದು. ಮಗಳನ್ನು ಕೊಟ್ಟ ಮನೆಯ ಯಜಮಾನಿಯನ್ನು ಏನು ಮಾಡಲು ಬರುತ್ತದೆ? ಬಂದಾಗ ಕಾಫಿ ಕೊಡಬೇಕು, ಹೋಗುವಾಗ ಬಾಗಿಲ ತನಕ ಬಿಟ್ಟು ಬರಬೇಕು, ನಡುವೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಆ ನಡುವಿನದೇ ಅವನಿಗೆ ತಲೆನೋವು.

ಬೀಗಿತ್ತಿ ಬಸ್ ನಿಲ್ದಾಣದಲ್ಲಿ ‘ವಿಚಾರಣೆ’ ಎಂದು ಬರೆದ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಆಯುಸ್ಸೆಲ್ಲ ಜನರ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು, ಈಗ ಅದನ್ನು ಬಡ್ಡಿ ಸಮೇತ ವಸೂಲು ಮಾಡುತ್ತಿದ್ದಾರೆ ಎಂಬುದು ಕಟ್ಟಣ್ಣನ ದೂರು. ಮಗಳ ಮನೆಗೆ ಹೋಗುವ ದಿನ ಬಂತೆಂದರೆ ಹೆಂಡತಿಯ ಹತ್ತಿರ, “ಇವತ್ತು ನನ್ನ ವಿಚಾರಣೆ ಇದೆ ಕಣೇ” ಎಂದು ಕಟಕಟೆ ಹತ್ತುವವನಂತೆ ಮುಖ ಮಾಡಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಅಲ್ಲಿ ಹೋದ ಮೇಲೆ ಬೀಗಿತ್ತಿ, ಬಸ್ಸಲ್ಲಿ ಬಂದಿರಾ ನಡೆದು ಬಂದಿರಾ, ಯಾಕೆ ಬಸ್ಸಲ್ಲಿ, ಯಾವ ಬಸ್ಸು, ಸೀಟು ಸಿಕ್ಕಿತಾ ಎಂದು ಶುರು ಮಾಡಿದರೆ ಇವನಿಗೆ ನೀರು ಕುಡಿಯಲೂ ಬಿಡುವಿಲ್ಲ.

ಇವನೋ ಕೇಳದ ಜಾತಿ. ವಿಳಾಸ ಗೊತ್ತಿಲ್ಲದಿದ್ದರೆ ಅದೇ ಬೀದಿಯನ್ನು ಹತ್ತು ಸಲ ಸುತ್ತಿಯಾನು, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುವವನಲ್ಲ. ಕೇಳಿದರೆ ಎದುರಿನವರಿಗೆ ತೊಂದರೆ ಎಂಬ ಸಂಕೋಚ ಅರ್ಧ, ಇಷ್ಟೂ ಗೊತ್ತಿಲ್ಲವಾ ಅಂದುಕೊಂಡಾರು ಎಂಬ ಬಿಗುಮಾನ ಇನ್ನರ್ಧ. ಓದಿದವರ ಮುಂದಂತೂ ಬಿಡಿ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಅರ್ಥವಾದ ಮುಖ ಮಾಡಿಕೊಂಡು ಎದ್ದು ಬರುವುದೇ ಮರ್ಯಾದೆ ಅಂದುಕೊಂಡಿದ್ದವನು.

ಕಟ್ಟಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ. ಫೋಟೋಗಳಿಗೆ ಕಟ್ಟು ಹಾಕುವವನಾದ್ದರಿಂದ ಬೀದಿಯವರು ಹಾಗೆ ಕರೆದರು, ಕರೆದದ್ದು ಅಂಟಿಕೊಂಡಿತು. ಅವನದು ಅಂಗಡಿ ಅನ್ನುವುದಕ್ಕಿಂತ ಎರಡು ಕಟ್ಟಡಗಳ ನಡುವಿನ ಸಂದು ಅಂದರೆ ಸರಿ; ಒಬ್ಬ ಗಿರಾಕಿ ಒಳಗೆ ನಿಂತರೆ ಇನ್ನೊಬ್ಬ ಹೊರಗೆ ಕಾಯಬೇಕು. ಒಂದು ಗೋಡೆಗೆ ಉದ್ದುದ್ದ ಮರದ ಪಟ್ಟಿಗಳು ಒರಗಿಕೊಂಡಿರುತ್ತವೆ. ಇನ್ನೊಂದು ಗೋಡೆಯ ತುಂಬ ಆರಿಸಿಕೊಳ್ಳಲೆಂದು ಮೊಳೆಗೆ ನೇತುಹಾಕಿದ ಮಾದರಿ ಮೂಲೆಗಳು, ಚಿನ್ನದ ಬಣ್ಣದವು, ಕರಿಯವು, ಬಳ್ಳಿ ಕೆತ್ತಿದವು. ಮಧ್ಯದ ಮೇಜಿನ ಮೇಲೆ ಗರಗಸ, ಅಂಟು, ಸಣ್ಣ ಮೊಳೆಗಳ ಡಬ್ಬಿ, ಗಾಜು ಕೊಯ್ಯುವ ವಜ್ರದ ಮೊನೆಯ ಕಡ್ಡಿ. ಆ ಕಡ್ಡಿಯನ್ನು ಗಾಜಿನ ಮೇಲೆ ಒಂದೇ ಸಲ ಕಿರ್ರೆಂದು ಎಳೆದು, ಮೇಜಿನ ಅಂಚಿಗೆ ಇಟ್ಟು ಮೆಲ್ಲನೆ ಒತ್ತಿದರೆ ಗಾಜು ಹೇಳಿದ ಮಾತು ಕೇಳಿ ಎರಡಾಗುತ್ತಿತ್ತು.

ಪಟ್ಟಿ ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡಲು ಅವನು ಅಳತೆಗೋಲು ಮುಟ್ಟಿದವನಲ್ಲ. ತುದಿಯನ್ನು ಕೆನ್ನೆಗೆ ಆನಿಸಿಕೊಂಡು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಪಟ್ಟಿಯ ಉದ್ದಕ್ಕೂ ಒಂದು ನೋಟ ಹಾಯಿಸಿದರೆ ಆಯಿತು. ಕೂದಲೆಳೆಯಷ್ಟು ಬಾಗಿದ್ದರೂ ಸಿಕ್ಕಿಬೀಳುತ್ತಿತ್ತು. ಕಣ್ಣಳತೆ ಅಂದರೆ ಅವನದು ಎಂದು ಪಕ್ಕದ ಅಂಗಡಿಯ ಕೀಲಿಕೈ ಮಾಡುವವನೂ ಒಪ್ಪುತ್ತಿದ್ದ, ಆ ಮನುಷ್ಯ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲದಿದ್ದರೂ.

ಆ ಹೆಮ್ಮೆಯೇ ಅವನಿಗೆ ಮುಳುವಾಯಿತು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಬಲಗಣ್ಣು ಮುಚ್ಚಿಕೊಂಡೇ ದುಡಿಯುವವನಿಗೆ ಆ ಕಣ್ಣು ಇದೆಯೋ ಹೋಯಿತೋ ಹೇಗೆ ತಿಳಿಯಬೇಕು? ಒಂದು ಮಧ್ಯಾಹ್ನ ಗರಗಸದ ಪುಡಿ ಹಾರಿ ಎಡಗಣ್ಣಿಗೆ ಬಿತ್ತು. ಅದನ್ನು ಮುಚ್ಚಿದ. ಅಂಗಡಿಯೆಲ್ಲ ಕತ್ತಲು. ಕರೆಂಟು ಹೋಯಿತೆಂದು ಕರೆಂಟಿನವರನ್ನು ಬೈದುಕೊಂಡು ಕೂತ. ಪುಡಿ ಒರೆಸಿ ಎಡಗಣ್ಣು ತೆರೆದರೆ ತಲೆಯ ಮೇಲೆ ದೀಪ ಉರಿಯುತ್ತಲೇ ಇತ್ತು. ಮತ್ತೆ ಮುಚ್ಚಿದ, ಮತ್ತೆ ತೆರೆದ. ಆಮೇಲೆ ಅಂಗಡಿಯ ಬಾಗಿಲೆಳೆದು ಮನೆಗೆ ಬಂದು, ಹೆಂಡತಿಗೆ ತಲೆಶೂಲೆ ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಹೆಂಡತಿ ಅವನ ಸುಳ್ಳು ಕಂಡುಹಿಡಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮರುದಿನವೇ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದಳು. ಅಲ್ಲಿಯ ಡಾಕ್ಟರಮ್ಮ ಮಗಳ ವಯಸ್ಸಿನವರು, ಮಾತು ಮೆತ್ತಗೆ. ಇದಕ್ಕೆ ಗ್ಲಾಕೋಮಾ ಅನ್ನುತ್ತಾರೆ, ಕಣ್ಣಿನೊಳಗೆ ಒಂದು ಬಗೆಯ ನೀರು ಸದಾ ಊರುತ್ತಿರುತ್ತದೆ, ಅದು ಹರಿದುಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ಹಿಂದಿನ ನರ ಸಾಯುತ್ತದೆ ಎಂದು ಬಿಡಿಸಿ ಹೇಳಿದರು. ಬಲಗಣ್ಣಿನದು ಆಗಿಹೋಗಿದೆ, ಮರಳಿ ತರಲು ಬರುವುದಿಲ್ಲ. ಎಡಗಣ್ಣಿಗೂ ಹತ್ತಿದೆ, ಅದನ್ನು ಉಳಿಸಿಕೊಳ್ಳೋಣ. ಕಟ್ಟಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೆಂಡತಿಯ ಕೈ ಹಿಡಿದುಕೊಂಡ. ಮದುವೆಯಾದಂದಿನಿಂದ ಬೀದಿಯಲ್ಲಿ ಅವಳ ಕೈ ಹಿಡಿದವನಲ್ಲ, ಹಾಗಾಗಿ ಅವಳಿಗೆ ವಿಷಯ ಎಷ್ಟು ದೊಡ್ಡದು ಎಂದು ಆಗಲೇ ತಿಳಿಯಿತು.

ಹನಿಗಳು ಶುರುವಾದವು. ಬೆಳಿಗ್ಗೆ ಒಂದು ಬಾಟಲಿಯದು, ಸಂಜೆ ಇನ್ನೊಂದರದು. ಹೆಂಡತಿ ಹನಿ ಬಿಡುವುದನ್ನು ಅಡುಗೆಗಿಂತ ನಿಷ್ಠೆಯಿಂದ ಮಾಡಿದಳು. ಆದರೂ ಒತ್ತಡ ಇಳಿದಂತೆ ಮಾಡಿ ಏರುವುದು, ಏರಿ ಅಣಕಿಸುವುದು. ಕೊನೆಗೆ ಡಾಕ್ಟರಮ್ಮ ಶಸ್ತ್ರಚಿಕಿತ್ಸೆಯ ಮಾತೆತ್ತಿದರು. ರೆಪ್ಪೆಗೂದಲಿನಷ್ಟು ಸಣ್ಣ ನಳಿಕೆಯೊಂದನ್ನು ಕಣ್ಣಿಗೆ ಕೂರಿಸುತ್ತಾರೆ, ಮೇಲಿನ ರೆಪ್ಪೆಯ ಮರೆಯಲ್ಲಿ ಇರುತ್ತದೆ, ಹೊರಗೆ ಕಾಣುವುದಿಲ್ಲ. ಅದರ ಕೆಲಸ ಏನೆಂದೂ ಹೇಳಿದರು: “ಕಣ್ಣಿನ ನೀರು ಆ ನಳಿಕೆಯಿಂದ ಹೊರಗೆ ಹರಿದುಹೋಗುತ್ತೆ. ನೀರು ಹೊರಗೆ ಹೋಯ್ತು ಅಂದ್ರೆ ಒತ್ತಡ ಇಳೀತು ಅಂತ.”

ಈ ಎರಡು ಮಾತನ್ನು ಕಟ್ಟಣ್ಣ ಎದೆಯ ಮೇಲೆ ಬರೆದುಕೊಂಡ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಮನೆಗೆ ಕಳಿಸುವಾಗ, ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ತಕ್ಷಣ ಬನ್ನಿ ಎಂದರು. ಇವನು ಅದಕ್ಕೂ ತಲೆಯಾಡಿಸಿದ. ಮೊದಮೊದಲ ಪರೀಕ್ಷೆಗಳಲ್ಲಿ ಒತ್ತಡ ಹೇಳಿದ ಹಾಗೆ ಕೇಳಿಕೊಂಡಿತ್ತು. ಇನ್ನು ಸ್ವಲ್ಪ ಬಿಟ್ಟು ಬನ್ನಿ ಎಂದು ಮುಂದಿನ ತಿಂಗಳ ದಿನ ಕೊಟ್ಟರು. ಕಟ್ಟಣ್ಣ ಅಂಗಡಿ ತೆರೆದ. ಕೀಲಿಕೈಯವನು ಕಾಫಿ ತರಿಸಿದ. ಬದುಕು ಮತ್ತೆ ದಾರಿಗೆ ಬಂತು ಎಂದೇ ಎಲ್ಲರೂ ಅಂದುಕೊಂಡರು.

ಆಮೇಲೆ ಒಂದು ಬೆಳಿಗ್ಗೆ ಎಡಗಣ್ಣಿನಿಂದ ನೀರು ಇಳಿಯಿತು. ಕಣ್ಣು ಕೆಂಪಾಗಿರಲಿಲ್ಲ, ನೋವೂ ಇರಲಿಲ್ಲ. ತಿಳಿ ನೀರು, ಕೆನ್ನೆಯ ಮೇಲೆ ಒಂದೇ ಗೆರೆ. ಕಟ್ಟಣ್ಣ ಕನ್ನಡಿಯ ಮುಂದೆ ನಿಂತು ಅದನ್ನು ನೋಡಿದ. ಅವನ ಮುಖ ಅರಳಿತು. ಹೆಂಡತಿಯನ್ನು ಕೂಗಿ ಕರೆದು, ನೋಡೇ, ನಳಿಕೆ ಕೆಲಸ ಶುರು ಮಾಡಿದೆ, ಡಾಕ್ಟರಮ್ಮ ಹೇಳಿದ್ದು ಹೇಳಿದ ಹಾಗೆ ಆಗುತ್ತಿದೆ ಎಂದು ತೋರಿಸಿದ. ಅವಳೂ ಹತ್ತಿರ ಬಂದು ಕಣ್ಣರಳಿಸಿ ನೋಡಿ, ಸದ್ಯ, ದೇವರು ದೊಡ್ಡವನು ಎಂದು ಕೈಮುಗಿದಳು. ಹೇಳಿ, ಅವರದೇನು ತಪ್ಪು? ಕಣ್ಣಿನ ನೀರು ಅಂದರೆ ಕಣ್ಣೀರಲ್ಲದೆ ಇನ್ನೇನು ಅಂದುಕೊಂಡಾರು? ಹೊರಗೆ ಹರಿಯುತ್ತದೆ ಅಂದಿದ್ದರು, ಹರಿಯುತ್ತಿದೆ.

ಅಂದಿನಿಂದ ಮನೆಯಲ್ಲಿ ಆ ನೀರಿಗೆ ರಾಜೋಪಚಾರ. ಹೆಂಡತಿ ಹಳೆಯ ಬಿಳಿ ಪಂಚೆ ಹರಿದು, ಕುದಿಸಿ ಒಣಗಿಸಿ, ಚೌಕ ಚೌಕ ತುಂಡು ಮಾಡಿ ಕೊಟ್ಟಳು. ಕಟ್ಟಣ್ಣ ಅದರಲ್ಲಿ ಕಣ್ಣೊರೆಸುವುದು, ಗಾಜು ಒರೆಸುವವನ ಕೈ ನೋಡಿ, ಮೂಲೆಯಿಂದ ಮೂಲೆಗೆ ಚೊಕ್ಕವಾಗಿ ಎಳೆಯುವುದು. ನೀರು ಹೆಚ್ಚು ಬಂದ ದಿನ ಹೆಚ್ಚು ಖುಷಿ. ಕಡಿಮೆ ಬಂದರೆ ನಳಿಕೆ ಎಲ್ಲಿ ಕಟ್ಟಿಕೊಂಡಿತೋ ಎಂಬ ಆತಂಕ. ಗಿರಾಕಿಗಳು ಯಾಕಣ್ಣ ಅಳುತ್ತಿದ್ದೀಯ ಎಂದು ಗೇಲಿ ಮಾಡಿದರೆ, ಅಳುವುದಲ್ಲಯ್ಯಾ, ಇದು ಡಾಕ್ಟರು ಇಟ್ಟ ನಲ್ಲಿ ಎಂದು ಠೀವಿಯಿಂದ ಉತ್ತರ ಕೊಡುತ್ತಿದ್ದ.

ಒಂದು ಮಾತ್ರ ಅವನ ತಲೆಗೆ ಹೋಗಲಿಲ್ಲ. ಆ ದಿನಗಳಲ್ಲಿ ಬಂದ ಮರದ ಪಟ್ಟಿಗಳೆಲ್ಲ ಸೊಟ್ಟ. ಕೆನ್ನೆಗೆ ಆನಿಸಿ ನೋಡಿದರೆ ನಡುವೆ ಅಲೆ ಎದ್ದಂತೆ ಬಳುಕುತ್ತಿದ್ದವು. ಹಸಿ ಮರ ಕೊಯ್ದು ಕಳಿಸಿದ್ದೀರಿ ಎಂದು ಪಟ್ಟಿ ತಂದುಕೊಡುವವನ ಮೇಲೆ ಹರಿಹಾಯ್ದು ಕಟ್ಟುಗಟ್ಟಲೆ ವಾಪಸು ಕಳಿಸಿದ. ಆ ಬಡಪಾಯಿ ಅವನ್ನು ನೆಲದ ಮೇಲಿಟ್ಟು, ಎಲ್ಲಿ ಸೊಟ್ಟ ತೋರಿಸಿ ಅಂದರೂ ಕೇಳಲಿಲ್ಲ. ನನ್ನ ಕಣ್ಣಳತೆಗೆ ಪಾಠ ಹೇಳ್ತೀಯಾ ಎಂದು ಗದರಿದ. ಕಣ್ಣಿನಲ್ಲಿ ನೀರಿದ್ದರೆ ನೋಟ ಸ್ವಲ್ಪ ಕದಡುತ್ತದೆ, ಅದು ಸಹಜ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಈ ಹೊತ್ತಿಗೆ ಸರಿಯಾಗಿ ಬೀಗಿತ್ತಿ ಬಂದರು. ಮಗಳೂ ಅಳಿಯನೂ ಕೆಲಸದವರು, ಬಿಡುವಿಲ್ಲ. ಮಾವನ ಕಣ್ಣು ಹೇಗಿದೆ ನೋಡಿಕೊಂಡು ಬಾ ಎಂದು ಅಳಿಯನೇ ತಾಯಿಯನ್ನು ಕಳಿಸಿದ್ದ. ಕಟ್ಟಣ್ಣ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವನು ಬಾಗಿಲಲ್ಲಿ ಅವರ ಚಪ್ಪಲಿ ಕಂಡು, ಹಾಗೇ ಹಿಂದಿರುಗಿ ಹೋಗಲೇ ಎಂದು ಒಂದು ಕ್ಷಣ ಯೋಚಿಸಿದ. ಹೆಂಡತಿ ಒಳಗಿನಿಂದಲೇ ನೋಡಿಬಿಟ್ಟಳು.

ಊಟಕ್ಕೆ ಕೂತಾಗ ಅವನು ಎರಡು ಸಲ ಕಣ್ಣೊರೆಸಿಕೊಂಡ. ಬೀಗಿತ್ತಿಯ ಕೈ ತಟ್ಟೆಯಲ್ಲೇ ನಿಂತಿತು. ಏನದು ಎಂದು ಕೇಳಿದರು. ಕಟ್ಟಣ್ಣನಿಗೆ ಈ ಒಂದು ಪ್ರಶ್ನೆಗಾದರೂ ಎದೆಯುಬ್ಬಿಸಿ ಉತ್ತರ ಕೊಡಬಹುದಿತ್ತು. ಒತ್ತಡ, ನಳಿಕೆ, ನೀರು, ಎಲ್ಲವನ್ನೂ ತಾನೇ ಡಾಕ್ಟರಾದವನಂತೆ ವಿವರಿಸಿದ. ಬೀಗಿತ್ತಿ ಪೂರ್ತಿ ಕೇಳಿಸಿಕೊಂಡು, ಕೈ ತೊಳೆದು ಬಂದು ಎದುರಿಗೆ ಕೂತರು.

“ಹೊರಗೆ ಹೋಗುತ್ತೆ ಅಂದ್ರಲ್ಲ, ಹೊರಗೆ ಅಂದ್ರೆ ಎಲ್ಲಿಗೆ ಅಂತ ಕೇಳಿದ್ರಾ?”

ಅದರಲ್ಲಿ ಕೇಳುವುದೇನು ಬಂತು, ಹೊರಗೆ ಅಂದರೆ ಹೊರಗೆ ಎಂದ ಕಟ್ಟಣ್ಣ. ಬೀಗಿತ್ತಿ ತಲೆಯಲ್ಲಾಡಿಸಿದರು. ತಮ್ಮ ಕಿಟಕಿಯ ಮುಂದೆ ನಿಂತವರಿಗೆ ಬಸ್ಸು ಹೊರಗೆ ನಿಲ್ಲುತ್ತದೆ ಎಂದು ಹೇಳಿದರೆ ಅರ್ಧ ಜನ ನಿಲ್ದಾಣದ ಗೇಟಿನ ಹೊರಗೆ ಹೋಗಿ ನಿಲ್ಲುತ್ತಿದ್ದರಂತೆ, ಬಸ್ಸು ಮಾತ್ರ ಚಾವಣಿಯ ಹೊರಗೆ, ಅಂಗಳದಲ್ಲೇ ನಿಂತು ಹೊರಟುಹೋಗುತ್ತಿತ್ತಂತೆ. ಹೊರಗೆ ಅನ್ನುವ ಮಾತನ್ನು ನಂಬಬೇಡಿ, ಅದರಷ್ಟು ಮೋಸದ ಮಾತು ಇನ್ನೊಂದಿಲ್ಲ ಎಂದರು. ನೀರು ಬರುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ ಎಂದು ಅಲ್ಲೇ ಕೂತು ಆಸ್ಪತ್ರೆಗೆ ಫೋನು ಹಚ್ಚಿದರು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ, ನಡೀರಿ ಎಂದರು.

ಕಟ್ಟಣ್ಣನಿಗೆ ಮೈಯೆಲ್ಲ ಉರಿಯಿತು. ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ, ಹೇಳದೇ ಕೇಳದೇ ನುಗ್ಗಿದರೆ ಡಾಕ್ಟರಮ್ಮ ಏನಂದುಕೊಂಡಾರು, ಅಂಗಡಿಯಲ್ಲಿ ಗಿರಾಕಿ ಕಾಯುತ್ತಾನೆ ಎಂದು ಏನೇನೋ ನೆಪ ತೆಗೆದ. ಸಹಾಯಕ್ಕೆಂದು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಮನೆಯ ಬೀಗ ಕೈಯಲ್ಲಿ ಹಿಡಿದು ನಿಂತಿದ್ದಳು. ಇಬ್ಬರು ಹೆಂಗಸರ ನಡುವೆ ಆಟೋದಲ್ಲಿ ಒತ್ತಿಕೊಂಡು ಕೂತು, ದಾರಿಯುದ್ದಕ್ಕೂ ಒಂದು ಮಾತೂ ಆಡದೆ, ಕೆನ್ನೆಯ ಮೇಲೆ ಆ ನೀರು ಇಳಿಯುತ್ತಿದ್ದಂತೆ ಕಟ್ಟಣ್ಣ ಆಸ್ಪತ್ರೆ ತಲುಪಿದ.

ಅಲ್ಲಿ ಇವತ್ತು ನಿಮ್ಮ ಸರದಿಯಿಲ್ಲ ಅಂದರು. ಬೀಗಿತ್ತಿ ಅಲ್ಲಿನ ವಿಚಾರಣೆಯ ಕಿಟಕಿಗೆ ಮೊಣಕೈ ಊರಿದರು. ಒಂದೇ ಒಂದು ಪ್ರಶ್ನೆ, ಅದಕ್ಕೆ ಉತ್ತರ ಸಿಕ್ಕಿದರೆ ಹೋಗುತ್ತೇವೆ, ಸಿಗದಿದ್ದರೆ ಇಲ್ಲೇ ಇರುತ್ತೇವೆ ಎಂದರು: ನಳಿಕೆ ಇಟ್ಟ ಕಣ್ಣಿನಿಂದ ನೀರು ಕೆನ್ನೆಗೆ ಬರಬೇಕಾ, ಬರಬಾರದಾ? ಕಿಟಕಿಯ ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದಳು. ಬಂದವಳು ನಡೆಯುತ್ತಿರಲಿಲ್ಲ, ಓಡುತ್ತಿದ್ದಳು.

ಡಾಕ್ಟರಮ್ಮ ಅವನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ, ಕಣ್ಣಿಗೆ ಕಿತ್ತಳೆ ಬಣ್ಣದ ಕಾಗದದ ತುದಿ ತಾಗಿಸಿ, ನೀಲಿ ಬೆಳಕು ಹಾಕಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಒತ್ತಡ ನೋಡಿದರು. ಏರಿದೆಯಾ ಎಂದು ಹೆಂಡತಿ ಬಾಗಿಲಿನಿಂದಲೇ ಕೇಳಿದಳು. ಏರಿಲ್ಲ, ಬಿದ್ದುಹೋಗಿದೆ, ಇರಬೇಕಾದಷ್ಟೂ ಇಲ್ಲ ಎಂದರು ಡಾಕ್ಟರಮ್ಮ. ಒತ್ತಡ ಬಿದ್ದರೆ ಒಳ್ಳೆಯದಲ್ಲವಾ ಎಂದು ಕಟ್ಟಣ್ಣ ಕೇಳಲಿಲ್ಲ, ಆದರೆ ಅವನ ಮುಖ ಕೇಳಿತು.

“ನೀರು ಹೊರಗೆ ಹೋಗುತ್ತೆ ಅಂದಿದ್ದು ಕಣ್ಣುಗುಡ್ಡೆಯಿಂದ ಹೊರಗೆ ಅಂತ. ಗುಡ್ಡೆಯ ಮೇಲಿರೋ ಪೊರೆಯ ಕೆಳಗೆ ಬಂದು, ಅಲ್ಲೇ ಇಂಗಿ ರಕ್ತಕ್ಕೆ ಸೇರುತ್ತೆ. ಅದು ಕಣ್ಣೀರಲ್ಲ. ಒಂದು ಹನಿಯೂ ನಿಮಗೆ ಕಾಣಬಾರದು,” ಅಂದರು ಡಾಕ್ಟರಮ್ಮ. “ನಿಮ್ಮ ಪೊರೆ ನಳಿಕೆಯ ಮೇಲೆ ಸವೆದು ತೂತಾಗಿದೆ. ಒಳಗಿನ ನೀರು ಸೋರ್ತಾ ಇದೆ. ನೀರು ಬರೋ ದಾರೀಲಿ ಕ್ರಿಮಿ ಒಳಗೆ ಹೋದ್ರೆ ಕಣ್ಣೇ ಉಳಿಯಲ್ಲ. ಇವತ್ತೇ ಬಂದಿದ್ದು ಒಳ್ಳೇದಾಯ್ತು.”

ಗಾಳಿ ತುಂಬಿದ ಚೆಂಡು ಮೆತ್ತಗಾದರೆ ಮುದುರುವ ಹಾಗೆ ಕಣ್ಣಿನ ಹಿಂಗೋಡೆ ಮುದುರಿದೆ, ಅದಕ್ಕೇ ನೆಟ್ಟಗಿರುವುದೂ ಬಳುಕಿದಂತೆ ಕಾಣುತ್ತಿರಬೇಕು ಎಂದು ಡಾಕ್ಟರಮ್ಮ ಹೇಳಿದಾಗ, ಕಟ್ಟಣ್ಣನಿಗೆ ಪಟ್ಟಿ ತರುವವನ ಮುಖ ನೆನಪಾಯಿತು. ಒರೆಸಿದ್ದು, ಉಜ್ಜಿದ್ದು, ನಲ್ಲಿ ಎಂದು ಜಂಬ ಕೊಚ್ಚಿದ್ದು ಎಲ್ಲವನ್ನೂ ಅವನೇ ಹೇಳಿಕೊಂಡ. ಡಾಕ್ಟರಮ್ಮ ಬೈಯಲಿಲ್ಲ. ಕಣ್ಣಿನ ನೀರು ಅಂದದ್ದು ನಾನು, ನಿಮಗೆ ಬೇರೆ ಹೇಗೆ ಅರ್ಥವಾಗಬೇಕಿತ್ತು, ಇನ್ನು ಮುಂದೆ ಯಾರಿಗೂ ಹಾಗೆ ಹೇಳುವುದಿಲ್ಲ ಎಂದರು. ಆ ಮಾತಿಗೆ ಕಟ್ಟಣ್ಣ ಅವರನ್ನು ಬದುಕಿರುವ ತನಕ ಮರೆಯುವ ಹಾಗಿಲ್ಲ. ತಪ್ಪನ್ನು ಬಡವನ ತಲೆಗೆ ಕಟ್ಟದ ವಿದ್ಯಾವಂತರು ದಾರಿಯಲ್ಲಿ ಸಿಗುವುದಿಲ್ಲ.

ನಳಿಕೆಯ ಮೇಲೆ ತೇಪೆ ಹಾಕಬೇಕಿತ್ತು. ತೇಪೆ ಯಾವುದರದ್ದು ಎಂದು ಬೀಗಿತ್ತಿ ಕೇಳಿದರು. ಸತ್ತ ಮೇಲೆ ಕಣ್ಣು ದಾನ ಮಾಡಿದವರದು ಎಂದರು ಡಾಕ್ಟರಮ್ಮ. ಗುಡ್ಡೆಯ ಬಿಳಿಯ ಭಾಗದ ಒಂದು ಚೂರು, ಉಗುರಿನಷ್ಟೂ ಇಲ್ಲ. ಅದನ್ನು ನಳಿಕೆಯ ಮೇಲೆ ಹೊದಿಸಿ, ಅದರ ಮೇಲೆ ಅವನದೇ ಪೊರೆ ಎಳೆದು ಹೊಲಿಯುತ್ತಾರೆ. ಆಗದಿದ್ದರೆ, ಎಂದು ಬೀಗಿತ್ತಿಯೇ ಕೇಳಿದರು. ಆಗದಿದ್ದರೆ ನಳಿಕೆ ತೆಗೆಯಬೇಕು, ಒತ್ತಡ ಮತ್ತೆ ಏರುತ್ತದೆ, ಆಮೇಲೆ ಹೇಳುವುದು ಕಷ್ಟ. ಕಟ್ಟಣ್ಣನಿಗೆ ಆ ಹೊತ್ತಿನಲ್ಲಿ ಬೀಗಿತ್ತಿಯ ಪ್ರಶ್ನೆಗಳು ಮೊದಲ ಬಾರಿಗೆ ತನ್ನವೇ ಅನ್ನಿಸಿದವು. ತಾನು ಕೇಳಲಾರದ್ದನ್ನೆಲ್ಲ ಆ ಹೆಂಗಸು ಒಂದೊಂದಾಗಿ ಕೇಳುತ್ತಿತ್ತು.

ಮರುಬೆಳಿಗ್ಗೆಯೇ ಒಳಗೆ ಕರೆದೊಯ್ದರು. ಹೊರಗೆ ತಂದಾಗ ಎಡಗಣ್ಣಿಗೆ ಹತ್ತಿ, ಹತ್ತಿಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಪಟ್ಟಿ. ಮಿಕ್ಕವರಿಗಾದರೆ ಅದು ಒಂದು ಕಣ್ಣಿನ ಕಟ್ಟು. ಇವನಿಗೆ ಪೂರ್ತಿ ಕತ್ತಲು. ಹಾಸಿಗೆಯ ಅಂಚು ಎಲ್ಲಿ ಮುಗಿಯುತ್ತದೆ, ಲೋಟ ಎಲ್ಲಿದೆ, ಎದುರಿಗೆ ಗೋಡೆಯೋ ಕಿಟಕಿಯೋ, ಏನೂ ಇಲ್ಲ. ಕೈಚಾಚಿದರೆ ಗಾಳಿ. ಇನ್ನು ಮುಂದೆ ಹೀಗೇ ಆದರೆ ಎಂಬ ಯೋಚನೆ ಬಂತು. ಇನ್ನೊಂದು ಗಾಜು ಕೊಯ್ಯುವುದಿಲ್ಲ, ಮಗಳ ಮುಖ ನೋಡುವುದಿಲ್ಲ, ಹೆಂಡತಿ ಮುದುಕಿಯಾಗುವುದನ್ನೂ ಕಾಣುವುದಿಲ್ಲ. ಹೆಂಡತಿ ಪಕ್ಕದಲ್ಲೇ ಕೂತು ಅವನ ಕೈ ಸವರುತ್ತಿದ್ದಳು, ಆದರೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಬಾಯಿ ತೆರೆದರೆ ಅಳು ಬರುತ್ತದೆಂದು ಹಲ್ಲು ಕಚ್ಚಿ ಕೂತಿದ್ದಳು.

ಆಗ ಶುರುವಾಯಿತು ಬೀಗಿತ್ತಿಯ ದನಿ. ಯಾರೂ ಹೇಳಿಕೊಟ್ಟದ್ದಲ್ಲ. ಬಸ್ಸುಗಳು ಬಂದದ್ದು ಹೊರಟದ್ದು ಸಾರಿ ಸಾರಿ ರೂಢಿಯಾದ ಗಂಟಲು, ತನ್ನಷ್ಟಕ್ಕೆ ತಾನೇ ಸಾರತೊಡಗಿತು. ನಿಮ್ಮ ಎಡಗಡೆ ಕಿಟಕಿ, ಅರ್ಧ ತೆರೆದಿದೆ. ಹೊರಗೆ ಒಬ್ಬ ಗಿಡಗಳಿಗೆ ನೀರು ಹಾಕುತ್ತಿದ್ದಾನೆ, ಗಿಡಕ್ಕಿಂತ ಅವನ ಕಾಲಿಗೇ ಹೆಚ್ಚು ಬೀಳುತ್ತಿದೆ. ಎದುರು ಹಾಸಿಗೆಯ ಅಜ್ಜ ಕನ್ನಡಕ ಹುಡುಕುತ್ತಿದ್ದಾನೆ, ಅದು ಅವನ ತಲೆಯ ಮೇಲಿದೆ. ಈಗ ನರ್ಸಮ್ಮ ಬಂದರು, ತಟ್ಟೆಯಲ್ಲಿ ಹನಿಯ ಬಾಟಲಿ ಇದೆ, ಹೆದರಬೇಡಿ. ಕಟ್ಟಣ್ಣ ಅಷ್ಟು ದಿನ ಯಾವ ದನಿ ಕೇಳಿದರೆ ಹಿತ್ತಲ ಬಾಗಿಲು ಹುಡುಕುತ್ತಿದ್ದನೋ ಅದೇ ದನಿಯನ್ನು ಈಗ ಮೆಟ್ಟಿಲ ಕೈಹಿಡಿಯಂತೆ ಹಿಡಿದುಕೊಂಡಿದ್ದ. ನಡುವೆ ಅವರು ಕಾಫಿ ಕುಡಿಯಲು ಹೊರಗೆ ಹೋದಾಗ, ಎಲ್ಲಿ ಹೋದರು, ಯಾವಾಗ ಬರುತ್ತಾರೆ ಎಂದು ಹೆಂಡತಿಯನ್ನು ಕೇಳಿದ. ಅವಳಿಗೆ ಅಳುವಿನ ನಡುವೆಯೂ ನಗು ಬಂತು.

ಕಣ್ಣಿನ ಪಟ್ಟಿ ಬಿಚ್ಚಿದಾಗ ಬೆಳಕಿತ್ತು. ಮಂಜು ಮಂಜು, ಅಂಚಿಲ್ಲದ ಬೆಳಕು. ಅದರ ನಡುವೆ ಡಾಕ್ಟರಮ್ಮನ ಬಿಳಿ ಕೋಟು, ಅದರ ಹಿಂದೆ ಎರಡು ಆಕಾರಗಳು. ಯಾವುದು ಹೆಂಡತಿ, ಯಾವುದು ಬೀಗಿತ್ತಿ ತಿಳಿಯಲಿಲ್ಲ. ಎರಡಕ್ಕೂ ಸೇರಿಸಿ ಕೈಮುಗಿದ. ವಾರಗಳು ಕಳೆದಂತೆ ಮಂಜು ಕರಗಿತು. ಒತ್ತಡ ಬಿದ್ದಲ್ಲಿಂದ ಎದ್ದು, ಇರಬೇಕಾದಲ್ಲಿ ಬಂದು ಕೂತಿತು. ಒಂದು ದಿನ ಅಂಗಡಿಯಲ್ಲಿ ಪಟ್ಟಿಯೊಂದನ್ನು ಕೆನ್ನೆಗೆ ಆನಿಸಿಕೊಂಡು ನೋಡಿದ, ಅದು ನೆಟ್ಟಗಿತ್ತು. ಅಂಗಡಿಯನ್ನು ಕೀಲಿಕೈಯವನಿಗೆ ಒಪ್ಪಿಸಿ, ಪಟ್ಟಿ ತರುವವನ ಗೋದಾಮಿನ ತನಕ ನಡೆದು ಹೋಗಿ ತಪ್ಪಾಯಿತು ಎಂದು ಹೇಳಿ ಬಂದ. ಆ ಮನುಷ್ಯ, ಅಣ್ಣ, ನಿನ್ನ ಕಣ್ಣು ನೆಟ್ಟಗಾಯಿತಲ್ಲ, ನನ್ನ ಮರಕ್ಕೆ ಕೆಟ್ಟ ಹೆಸರು ಬಂದರೆ ಬಂತು ಬಿಡು ಎಂದ.

ಅದಾದ ಮೇಲಿನ ಪರೀಕ್ಷೆಗೆ ಮೂವರೂ ಒಟ್ಟಿಗೆ ಹೋದರು. ಬೀಗಿತ್ತಿಯನ್ನು ಬನ್ನಿ ಎಂದು ಕರೆದದ್ದು ಕಟ್ಟಣ್ಣನೇ. ಮತ್ತೆ ಕಿತ್ತಳೆ ಕಾಗದ, ಮತ್ತೆ ನೀಲಿ ಬೆಳಕು. ಎಲ್ಲೂ ಸೋರಿಕೆಯಿಲ್ಲ, ತೇಪೆ ಚೆನ್ನಾಗಿ ಕೂತಿದೆ, ನಳಿಕೆ ತನ್ನ ಕೆಲಸ ತಾನು ಮಾಡುತ್ತಿದೆ ಎಂದರು ಡಾಕ್ಟರಮ್ಮ. ಎಂದಿನಂತೆ ತಲೆಯಾಡಿಸಿ ಏಳಬೇಕಾಗಿದ್ದ ಕಟ್ಟಣ್ಣ ಏಳಲಿಲ್ಲ. ಕುರ್ಚಿಯ ಕೈಗಳನ್ನು ಹಿಡಿದುಕೊಂಡು, ಈ ತೇಪೆ ಯಾರದು ಎಂದು ಕೇಳಿದ. ಹೆಂಡತಿ ಬೆರಗಾಗಿ ಅವನ ಕಡೆ ತಿರುಗಿದಳು.

ಅದನ್ನು ನೇತ್ರ ಬ್ಯಾಂಕಿನವರು ನಮಗೂ ಹೇಳುವುದಿಲ್ಲ ಎಂದರು ಡಾಕ್ಟರಮ್ಮ. ಯಾರೋ ತೀರಿಕೊಂಡರು, ಅವರ ಮನೆಯವರು ಅಂಥ ಹೊತ್ತಿನಲ್ಲೂ ಕೊಡಲು 'ಹೂಂ' ಎಂದರು, ಅಷ್ಟೇ ಗೊತ್ತು. ಯಾವುದೋ ಮನೆಯಲ್ಲಿ ಹೆಣದ ಪಕ್ಕ ಕೂತು, ಕಣ್ಣು ತಗೊಂಡು ಹೋಗಿ ಎಂದು ಹೇಳಿದವರಿಗೆ ಅವನು ಹೇಗೆ ಕೃತಜ್ಞತೆ ಹೇಳಬೇಕು? ಅವರ ಮುಖ ಗೊತ್ತಿಲ್ಲ, ಬೀದಿ ಗೊತ್ತಿಲ್ಲ. ನಾಳೆ ಅಂಗಡಿಗೆ ಬಂದು ಎದುರು ನಿಂತರೂ ಅವನಿಗೆ ತಿಳಿಯುವುದಿಲ್ಲ.

ನನ್ನದನ್ನೂ ತಗೊಳ್ಳುತ್ತಾರಾ ಎಂದು ಕೇಳಿದ. ಕೇಳಿದ ಮೇಲೆ ನಾಚಿಕೆಯಾಗಿ, ಬಲಗಣ್ಣು ಕೆಲಸಕ್ಕೆ ಬಾರದ್ದು, ಎಡಗಣ್ಣಿಗೆ ತೇಪೆ ಬಿದ್ದಿದೆ, ಇಂಥದ್ದು ಯಾರಿಗೆ ಬೇಕು ಎಂದು ತಾನೇ ನಕ್ಕ. ಡಾಕ್ಟರಮ್ಮ ನಗಲಿಲ್ಲ. ಬಲಗಣ್ಣಿನ ಒಳಗಿನ ನರ ಸತ್ತಿದೆ ಅಷ್ಟೇ, ಹೊರಗಿನ ಬಿಳಿ ಗೋಡೆ ಗಟ್ಟಿಯಾಗಿಯೇ ಇದೆ, ತೇಪೆಗೆ ಬೇಕಾದದ್ದು ಆ ಗೋಡೆಯೇ ಎಂದರು. ಆಗುತ್ತೋ ಇಲ್ಲವೋ ಆ ಹೊತ್ತಿನಲ್ಲಿ ನೋಡಿ ಹೇಳುತ್ತಾರೆ. ಆದರೆ ಮನೆಯವರು ತಡಮಾಡದೆ ಆ ಬ್ಯಾಂಕಿಗೆ ಫೋನು ಮಾಡಬೇಕು, ಕೆಲವೇ ಗಂಟೆಗಳ ಅವಕಾಶ. ಎಷ್ಟೋ ಜನ ಬದುಕಿದ್ದಾಗ ಕೊಡುತ್ತೇವೆ ಅಂದಿರುತ್ತಾರೆ, ಹೋದಾಗ ಹೇಳುವವರು ಇರುವುದಿಲ್ಲ.

ಹೊರಗಿನ ಬೆಂಚಿನ ಮೇಲೆ ಕಟ್ಟಣ್ಣ ನಡುವೆ ಕೂತ, ಆಚೆಗೊಬ್ಬರು ಈಚೆಗೊಬ್ಬರು. ಔಷಧಿಯ ಕಿಟಕಿಯಲ್ಲಿ ಕೂಗುವ ತನಕ ಕಾಯಬೇಕಿತ್ತು. ಅವನು ಬೀಗಿತ್ತಿಯ ಕಡೆ ತಿರುಗಿದ.

“ಬೀಗಿತ್ತಿಯವರೇ, ಅವತ್ತು ನೀವು ಕೇಳದೇ ಹೋಗಿದ್ರೆ ಈ ಕಣ್ಣೂ ಇರ್ತಿರ್ಲಿಲ್ಲ. ನಿಮ್ಮನ್ನ ಕಂಡ್ರೆ ತಪ್ಪಿಸಿಕೊಂಡು ಓಡಾಡ್ತಿದ್ದೆ ನಾನು. ನಿಮ್ಮ ಋಣ ದೊಡ್ಡದು.”

ತಪ್ಪಿಸಿಕೊಳ್ಳುತ್ತಿದ್ದದ್ದು ನನಗೇನು ಗೊತ್ತಿಲ್ಲವಾ, ನಿಮ್ಮ ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ನಿಲ್ಲುತ್ತಿತ್ತಲ್ಲ ಎಂದು ಬೀಗಿತ್ತಿ ನಕ್ಕರು. ಕಟ್ಟಣ್ಣ ನಗಲಿಲ್ಲ. ಅವನ ಮಾತು ಇನ್ನೂ ಮುಗಿದಿರಲಿಲ್ಲ.

“ಇನ್ನೊಂದು ಕೇಳ್ತೀನಿ. ನಾನು ಹೋದಾಗ ಇವಳು ಅಳ್ತಾ ಕೂತಿರ್ತಾಳೆ. ಮಗಳಿಗೆ ಕೈಕಾಲು ಆಡಲ್ಲ. ಆ ಹೊತ್ತಲ್ಲಿ ಫೋನ್ ಎತ್ತಿ, ಬಂದು ಕಣ್ಣು ತಗೊಂಡು ಹೋಗಿ ಅಂತ ಹೇಳೋಕೆ ಬಾಯಿ ಬರೋದು ನಿಮಗೊಬ್ಬರಿಗೇ. ನೀವು ಹೇಳ್ಬೇಕು.”

ಬೀಗಿತ್ತಿಯ ನಗು ನಿಂತಿತು. ಎಂಥ ಪ್ರಶ್ನೆಗೂ ತಡಬಡಾಯಿಸದವರು ಒಮ್ಮೆ ಕಟ್ಟಣ್ಣನ ಹೆಂಡತಿಯನ್ನು ನೋಡಿದರು, ಒಮ್ಮೆ ತಮ್ಮ ಕೈಗಳನ್ನು ನೋಡಿಕೊಂಡರು.

“ನಾನು ನಿಮಗಿಂತ ದೊಡ್ಡೋಳು ಬೀಗರೇ. ಲೆಕ್ಕಕ್ಕೆ ಮೊದಲು ಹೋಗ್ಬೇಕಾದೋಳು ನಾನು.”

“ಅದಕ್ಕೇ ಕೇಳ್ತಿರೋದು,” ಅಂದ ಕಟ್ಟಣ್ಣ. “ನೀವು ಇರ್ಬೇಕು.”

ಔಷಧಿಯ ಕಿಟಕಿಯಲ್ಲಿ ಯಾರನ್ನೋ ಕೂಗಿದರು, ಇವರನ್ನಲ್ಲ. ಬೀಗಿತ್ತಿ ಚೀಲ ತೆರೆದು ಕರವಸ್ತ್ರ ಹುಡುಕಿ ಮೂಗೊರೆಸಿಕೊಂಡರು.

“ಆಗ್ಲಿ, ಇರ್ತೀನಿ,” ಅಂದರು. “ಆದ್ರೆ ನೀವೂ ಆತುರ ಮಾಡ್ಬೇಡಿ.”